ಆರಿದ ಜ್ವಾಲಾಮುಖಿಯ ಮೇಲೆ ನಾಲ್ವರು ಗೆಳೆಯರು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂಬುದೇ ದೊಡ್ಡ ತಲೆನೋವಾಗಿದೆ. ಜ್ವಾಲಾಮುಖಿಯಿಂದ ಶುರು ಮಾಡಿದರೆ ಓದುಗರಾದ ನೀವು ಹೊಗೆ, ಬೆಂಕಿ, ಕೆಂಪಗೆ ಹರಿಯುವ ಲಾವಾ ಎಲ್ಲ ಬೇಕೆಂದು ಕಾದು ಕೂರುತ್ತೀರಿ. ನನ್ನ ಹತ್ತಿರ ಅವು ಯಾವುವೂ ಇಲ್ಲ. ನನ್ನ ಹತ್ತಿರ ಇರುವುದು ಆಲ್ನೋ ಎಂಬ ಒಂದು ದ್ವೀಪ. ಸ್ವೀಡನ್ನಿನ ಪೂರ್ವ ಕರಾವಳಿಯಲ್ಲಿ, ಸುಂಡ್ಸ್‌ವಾಲ್ ಊರಿನ ಪಕ್ಕದಲ್ಲಿ, ಒಂದು ಸೇತುವೆ ದಾಟಿದರೆ ಸಿಗುತ್ತದೆ. ಅಲ್ಲೊಂದು ಜ್ವಾಲಾಮುಖಿ ಇದ್ದದ್ದು ನಿಜ. ಆದರೆ ಅದು ಆರಿಹೋಗಿ ಕೋಟಿಗಟ್ಟಲೆ ವರ್ಷಗಳಾದವು. ಬೆಟ್ಟ ಸವೆದಿದೆ, ಬಾಯಿ ಮುಚ್ಚಿದೆ, ಮೇಲೆ ಸ್ಪ್ರೂಸ್ ಮರ ಬೆಳೆದಿವೆ, ದನ ಮೇಯುತ್ತವೆ.

(ಇಷ್ಟಕ್ಕೇ ನೀವು ಪುಟ ತಿರುವಿದರೆ ನನಗೆ ಬೇಸರವಿಲ್ಲ. ಸ್ವಲ್ಪ ಇದೆ.)

2

ಹಾಗಾದರೆ ವಿಠ್ಠಲನಿಂದ ಶುರು ಮಾಡೋಣ. ಬಿಜಾಪುರದವನು, ನಲವತ್ತು ದಾಟಿದವನು, ಎಸ್ಕಿಲ್‌ಸ್ಟುನಾದಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ಪರೀಕ್ಷಿಸುವ ಎಂಜಿನಿಯರ್. ಸೆಪ್ಟೆಂಬರಿನ ಒಂದು ಶನಿವಾರ ಆಲ್ನೋದಲ್ಲಿ ಬಸ್ಸಿನಿಂದ ಇಳಿಯುತ್ತಾನೆ. ಬೆನ್ನಿಗೆ ಚೀಲ. ಒಬ್ಬನೇ.

ಒಬ್ಬನೇ ಯಾಕೆ ಎಂದು ಹೇಳಬೇಕಲ್ಲ. ಮೊದಲ ಕರಡಿನಲ್ಲಿ ನಾನು ಅವನ ಹೆಂಡತಿಯನ್ನು ಸಾಯಿಸಿದೆ. ಅವಳಿಗೆ ಈ ದಾರಿಯಲ್ಲಿ ನಡೆಯಬೇಕೆಂಬ ಆಸೆಯಿತ್ತು ಎಂದೂ ಬರೆದು, ನನ್ನ ಕಣ್ಣನ್ನೇ ಒದ್ದೆ ಮಾಡಿಕೊಂಡೆ.

"ಸರ್," ಎಂದ ವಿಠ್ಠಲ, "ನಂಗೆ ಮದುವೇನೇ ಆಗಿಲ್ಲ. ಯಾರನ್ನ ಸಾಯಿಸಿದ್ರಿ ನೀವು?"

ಎರಡನೆಯ ಕರಡಿನಲ್ಲಿ ಒಬ್ಬ ಸ್ವೀಡಿಶ್ ಗೆಳತಿಯನ್ನು ಕೊಟ್ಟು, ಕಿತ್ತುಕೊಂಡೆ. ಅದೂ ಬೇಡವೆಂದ. ಮೂರನೆಯದರಲ್ಲಿ ಅವನ ಕೆಲಸ ಕಳೆದೆ.

"ಕೆಲಸ ಆರಾಮ್ ಇದೆ. ಮ್ಯಾನೇಜರ್ ಕೂಡ ಒಳ್ಳೆ ಮನುಷ್ಯ. ಒಬ್ನೇ ಇದೀನಿ, ಅಷ್ಟೇ. ಅದಕ್ಕೊಂದು ರೀಸನ್ ಇರ್ಲೇಬೇಕಾ?"

ಉಪ್ಸಾಲಾದ ಲೈಬ್ರರಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಮೂರೂ ಕರಡನ್ನು ಡಿಲೀಟ್ ಮಾಡಿದೆ. ಕಾರಣವಿಲ್ಲದ ಒಂಟಿತನವನ್ನು ಕಥೆ ಮಾಡುವುದು ಬಹಳ ಕಷ್ಟ. ಅನುಭವಿಸುವವನಿಗೆ ಇನ್ನೂ ಕಷ್ಟವಿರಬೇಕು.

2 (ಮತ್ತೆ)

ಅವನು ಬಸ್ಸಿನಿಂದ ಇಳಿಯುವಷ್ಟರಲ್ಲಿ ಫೋನ್ ಬಂತು. ಬಿಜಾಪುರದಿಂದ ಜಾನಕಿ. ಅವನಿಗೆ ಉಳಿದಿರುವುದು ಈ ಅಕ್ಕ ಒಬ್ಬಳೇ.

"ಮುಟ್ಟಿದ್ರೇನೋ ಎಲ್ಲಾರೂ?"

"ಹೂಂ ಅಕ್ಕಾ, ಈಗ ಇಳದ್ವಿ."

"ರಮಾನಂದಂದು ಮೊಣಕಾಲ ನೋವು ಹೆಂಗದ? ಅಂವಾ ಯಾಕ ಬಂದಾ ಗುಡ್ಡಾ ಹತ್ತಾಕ?"

"ಗುಡ್ಡ ಇಲ್ಲ ಅಕ್ಕಾ. ಸಪಾಟ್ ಅದ. ಮೆಲ್ಲಕ ನಡೀತಾನ."

"ಕಬೀರ್ ಉಪವಾಸ ಇರಲಿಲ್ಲ ಹೌದಿಲ್ಲೋ? ರೊಟ್ಟಿ ಕೊಡು ಅಂವಗ. ಓಂಗೂ ಕೊಡು, ಅದು ನಾಚಿಕಿ ಹುಡುಗ, ಕೇಳಂಗಿಲ್ಲ. ಮತ್ತ ನೋಡು, ಸಂಜೀಕ ವಿಡಿಯೋ ಮಾಡ್ತೀನಿ. ಇಷ್ಟ ದಿನ ಹಿಂಡಿ ಕುಟ್ಟಿ ಕಳಿಸೀನಿ, ಒಬ್ಬರ ಮಾರಿನೂ ನೋಡಿಲ್ಲ. ಇವತ್ತ ನಾಲ್ಕೂ ಮಂದಿ ಒಂದ ಕಡೆ ಅದೀರಿ, ತೋರಸಾಕ ಬೇಕು."

ಇಲ್ಲಿ ಓದುಗರಿಗೆ ಒಂದು ಮಾತು. ರಮಾನಂದ ಇಲ್ಲ. ಕಬೀರ್ ಇಲ್ಲ. ಓಂ ಕೂಡ ಇಲ್ಲ. ನಾನು ಅವರನ್ನು ಸೃಷ್ಟಿಸಿಲ್ಲ, ದಯವಿಟ್ಟು ನನ್ನ ತಲೆಗೆ ಕಟ್ಟಬೇಡಿ. ವಿಠ್ಠಲನೇ ಮಾಡಿದ್ದು.

ಅವನು ಎಸ್ಕಿಲ್‌ಸ್ಟುನಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಜಾನಕಿ ದಿನಾ ಕೇಳುತ್ತಿದ್ದಳು: ಊಟಕ್ಕೆ ಜೋಡಿ ಯಾರಿದ್ದಾರೆ? ಯಾರೂ ಇಲ್ಲವೆಂದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ದಿನ ಅವನ ಬಾಯಿಂದ ರಮಾನಂದನ ಹೆಸರು ಬಂದುಬಿಟ್ಟಿತು. ಬೆಳಗಾವಿಯವನು, ಪಕ್ಕದ ಬಿಲ್ಡಿಂಗಿನವನು ಎಂದ. ಅವತ್ತು ಅಕ್ಕ ಚೆನ್ನಾಗಿ ನಿದ್ದೆ ಮಾಡಿದಳು. ಆಮೇಲೆ ಅಡುಗೆಯಲ್ಲಿ ಪಳಗಿದ ಕಬೀರ್ ಬಂದ, ನಾಚಿಕೆಯ ಓಂ ಬಂದ. ಊರಿಂದ ಯಾರೇ ಬರಲಿ, ಜಾನಕಿ ನಾಲ್ವರಿಗಾಗುವಷ್ಟು ಶೇಂಗಾ ಹಿಂಡಿ (ನಮ್ಮ ಕಡೆ ಚಟ್ನಿಪುಡಿ), ಖಡಕ್ ರೊಟ್ಟಿ ಕಟ್ಟಿ ಕಳಿಸತೊಡಗಿದಳು. ವಿಠ್ಠಲ ಅಷ್ಟನ್ನೂ ಒಬ್ಬನೇ ತಿನ್ನುತ್ತ ಬಂದಿದ್ದಾನೆ.

(ಪಾತ್ರಗಳಿಗೆ ಜೀವ ತುಂಬುವುದು ಹೇಗೆಂದು ನಾನು ಇವನ ಹತ್ತಿರ ಕಲಿಯಬೇಕು. ನನ್ನ ಯಾವ ಪಾತ್ರದ ಮೊಣಕಾಲಿನ ಬಗ್ಗೆಯೂ ಈವರೆಗೆ ಯಾರೂ ವಿಚಾರಿಸಿಲ್ಲ.)

ಆದ್ದರಿಂದ ಕಥೆಯ ಸಮಸ್ಯೆ ಇಷ್ಟು. ಸಂಜೆ ಅಕ್ಕನ ವಿಡಿಯೋ ಕಾಲ್ ಬರುತ್ತದೆ. ತೋರಿಸಲು ಒಂದಾದರೂ ಮುಖ ಬೇಕು. ಇಲ್ಲದಿದ್ದರೆ ಇಷ್ಟು ದಿನ ಅವಳು ನೆಮ್ಮದಿಯಿಂದ ಮಾಡಿದ ನಿದ್ದೆಯೆಲ್ಲ ಸುಳ್ಳಾಗುತ್ತದೆ.

4

(ಮೂರನೆಯ ಭಾಗದಲ್ಲಿ ಬರೀ ನಿಸರ್ಗ ವರ್ಣನೆಯಿತ್ತು. ತೆಗೆದೆ. ಆದರೂ ನಾಲ್ಕು ಸಾಲು ಉಳಿಸಿಕೊಳ್ಳುತ್ತೇನೆ, ಅಷ್ಟು ದೂರ ಬಂದಿದ್ದೇವೆ.)

ದಾರಿ ತೋರಿಸಲು ಮರಗಳಿಗೆ ಬಣ್ಣ ಬಳಿದಿದ್ದಾರೆ. ಒಂದು ಮರ ದಾಟಿದರೆ ಇನ್ನೊಂದು ಕಾಣುತ್ತದೆ, ಯಾರನ್ನೂ ಕೇಳುವ ಅಗತ್ಯವಿಲ್ಲ. ಸ್ವೀಡನ್ನಿನಲ್ಲಿ ಎಲ್ಲವೂ ಹೀಗೇ, ಯಾರನ್ನೂ ಕೇಳದೆ ಬದುಕಬಹುದು. ಕಾಡು ಮುಗಿದು ಹುಲ್ಲುಗಾವಲು ಬಂತು. ಓರೆಯಾಗಿ ಸೀಳುಮರ ಪೇರಿಸಿ, ಮೊಳೆಯಿಲ್ಲದೆ ಕಟ್ಟಿದ ಹಳೆಯ ಬೇಲಿಗಳು. ಹುಲ್ಲು ತುಂಬುತ್ತಿದ್ದ ಮರದ ಕೊಟ್ಟಿಗೆಗಳು ಈಗ ಖಾಲಿ. ಬೇಲಿಯಾಚೆಯಿಂದ ಒಂದು ಹಸು ವಿಠ್ಠಲನನ್ನು ನೋಡಿತು. ಅವನು "ಏನವ್ವಾ" ಎಂದ. ಬೆಳಿಗ್ಗೆಯಿಂದ ಅವನು ಎದುರಿಗೆ ನಿಂತವರ ಜೊತೆ ಆಡಿದ ಮೊದಲ ಮಾತು ಅದು.

ದಡದಲ್ಲಿ ಕರಿಯ ಬಂಡೆಗಳು. ಮುಟ್ಟಿ ನೋಡಿದ. ಬಿಜಾಪುರದ ಅವನ ಮನೆಯ ಗೋಡೆಯೂ ಕರಿಗಲ್ಲಿನದೇ. ಅದೂ ಯಾವುದೋ ಕಾಲದ ಲಾವಾ ಎಂದು ಅವನಿಗೆ ತಿಳಿದದ್ದು ಇಲ್ಲಿಗೆ ಬರುವ ಮುಂಚೆ ಇಂಟರ್ನೆಟ್ಟಿನಲ್ಲಿ ಓದುವಾಗ. ಅಷ್ಟು ವರ್ಷ ಬೆನ್ನು ಒರಗಿಸಿ ಕೂತಿದ್ದರೂ ಗೊತ್ತಿರಲಿಲ್ಲ.

5

ದ್ವೀಪದ ತೆಂಕಣ ತುದಿಯಲ್ಲಿ ಮೀನುಗಾರರ ಸಣ್ಣ ಕೇರಿ. ನೀರಿಗೆ ಮುಖ ಮಾಡಿದ ಕೆಂಪು ಬಣ್ಣದ ದೋಣಿಮನೆಗಳು, ಬಲೆ ಒಣಹಾಕುತ್ತಿದ್ದ ಮರದ ಚೌಕಟ್ಟುಗಳು. ಬೇಸಿಗೆಗೆಂದು ಬಂದವರು ಬಾಗಿಲು ಹಾಕಿಕೊಂಡು ಹೋಗಿದ್ದರು. ಒಂದು ಮನೆಯ ಮುಂದೆ ಮಾತ್ರ ಒಬ್ಬ ಮುದುಕಿ ಚಳಿಗಾಲಕ್ಕೆ ಸೌದೆ ಪೇರಿಸುತ್ತಿದ್ದಳು. ಹೆಸರು ಗುನ್‌ಬ್ರಿಟ್. (ಹೆಸರು ನನ್ನದು. ಸೌದೆ ಮಾತ್ರ ಅವಳೇ ಒಡೆದದ್ದು.)

"ಕಲ್ಲು ನೋಡಕ್ಕೆ ಬಂದ್ರಾ?" ಎಂದು ಕೇಳಿದಳು. "ಎಲ್ಲೆಲ್ಲಿಂದಲೋ ಬರ್ತಾರೆ. ಸುತ್ತಿಗೆ ತಗೊಂಡು ಬಂಡೆ ಮುಂದೆ ಮಂಡಿಯೂರ್ತಾರೆ. ನನಗೆ ಒಂದು ಹಲೋನೂ ಹೇಳಲ್ಲ."

ವಿಠ್ಠಲ ನಕ್ಕ. ತನ್ನ ಹರುಕು ಸ್ವೀಡಿಶ್‌ನಲ್ಲಿ ತನ್ನೂರೂ ಲಾವಾ ಮೇಲೆಯೇ ಇದೆ ಎಂದ. ಅವಳು ಕೈಯಲ್ಲಿದ್ದ ಸೌದೆ ಕೆಳಗಿಟ್ಟು, ಅದು ಎಲ್ಲಿದೆ, ಅಲ್ಲಿ ಎಂಥ ಮರ ಬೆಳೆಯುತ್ತದೆ ಎಂದೆಲ್ಲ ಕೇಳಿದಳು. ಜೋಳ ಬೆಳೆಯುತ್ತೇವೆ ಎಂದ. ಮಾತು ಸಲೀಸಾಗಿ ಸಾಗಿತ್ತು. ಆಗ ಅವಳು ಕೇಳಿದಳು:

"ಕಾಫಿ ಕುಡೀತೀರಾ?"

ಓದುಗರೇ, ಇಡೀ ಕಥೆ ನಿಂತಿರುವುದು ಇಲ್ಲಿ. ಅವನಿಗೆ ಕಾಫಿ ಬೇಕಿತ್ತು. ಕಾಫಿಗಿಂತ ಹೆಚ್ಚಾಗಿ ಆ ಮನೆಯೊಳಗೆ ಹೋಗಿ ಕೂರುವುದು ಬೇಕಿತ್ತು. ಆದರೆ ಬಿಜಾಪುರದ ಬಾಯಿ ತನ್ನ ಪಾಡಿಗೆ ತಾನು ಹೇಳಿತು:

"ಬೇಡ ಬೇಡ, ಈಗ ತಾನೇ ಆಯ್ತು."

"ಸರಿ," ಎಂದಳು ಗುನ್‌ಬ್ರಿಟ್. ಸಿಟ್ಟಿನಿಂದಲ್ಲ, ಮರ್ಯಾದೆಯಿಂದಲೇ. ದಾರಿ ಸುಖವಾಗಿರಲಿ ಎಂದು ಹಾರೈಸಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ನಮ್ಮವರಿಗೆ ವಿವರಿಸಬೇಕಿಲ್ಲ. ನಮ್ಮಲ್ಲಿ ಮೊದಲನೆಯ ಸಲ ಬೇಡ ಎನ್ನಬೇಕು. ಎರಡನೆಯ ಸಲ ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲಕ್ಕೆ ಮನೆಯವರು ಕೈಹಿಡಿದು ಕೂರಿಸುತ್ತಾರೆ, ಆಗ ಕುಡಿಯಬೇಕು. ಕೇಳಿದ ಕೂಡಲೇ ಹೂಂ ಎಂದವನು ಹಸಿದು ಬಂದವನು. ಇಷ್ಟು ವರ್ಷ ಸ್ವೀಡನ್ನಿನಲ್ಲಿದ್ದೂ ಇವನಿಗೆ ಇದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಗೊತ್ತಾಗಬೇಕು? ಆಫೀಸಿನ ಫೀಕಾದಲ್ಲಿ, ಅಂದರೆ ಕಾಫಿ ಬಿಡುವಿನಲ್ಲಿ, ಮೆಷಿನ್ನಿನ ಗುಂಡಿ ಒತ್ತಿ ಅವರವರ ಕಾಫಿ ಅವರವರು ತಗೊಳ್ಳುತ್ತಾರೆ. ಮನೆಯ ಬಾಗಿಲಲ್ಲಿ ನಿಂತು ಯಾರಾದರೂ ಅವನನ್ನು ಕೇಳಿದ್ದು ಇದೇ ಮೊದಲು.

ಅವನು ಎರಡನೆಯ ಸಲಕ್ಕಾಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೋಗಿ ಬಂಡೆಯ ಮೇಲೆ ಕೂತ.

6. ಕೆಲವು ಮುಕ್ತಾಯಗಳು

ಅ) ಗುನ್‌ಬ್ರಿಟ್ ಫ್ಲಾಸ್ಕ್ ಹಿಡಿದು ತಾನೇ ಬಂಡೆಯ ಹತ್ತಿರ ಬರುತ್ತಾಳೆ. ಇಬ್ಬರೂ ಸಮುದ್ರ ನೋಡುತ್ತ ಕುಡಿಯುತ್ತಾರೆ.

"ಬರಲ್ಲ ಸರ್," ಎಂದ ವಿಠ್ಠಲ. "ಅವ್ರು ಕೇಳಿದ್ರು, ನಾನು ಬೇಡ ಅಂದೆ. ಇಲ್ಲಿ ಬೇಡ ಅಂದ್ರೆ ಬೇಡ. ನೀವು ಬಲವಂತವಾಗಿ ಕರ್ಕೊಂಡು ಬಂದ್ರೆ ಅದು ನಿಮ್ಮ ಉಪಚಾರ ಆಗುತ್ತೆ, ಅವ್ರದಲ್ಲ."

ಆ) ನೆಟ್‌ವರ್ಕ್ ಸಿಗುವುದಿಲ್ಲ. ಅಕ್ಕನ ಕಾಲ್ ಬರುವುದೇ ಇಲ್ಲ.

"ಫುಲ್ ಸಿಗ್ನಲ್ ಇದೆ," ಎಂದು ಫೋನ್ ತೋರಿಸಿದ. ದರಿದ್ರ ದೇಶ, ಆರಿದ ಜ್ವಾಲಾಮುಖಿಯ ಮೇಲೂ ಟವರ್.

ಇ) ಇಲ್ಲಿ ನನಗೆ ನಿಜವಾಗಿಯೂ ಮರುಕ ಬಂತು. "ಫೋನಲ್ಲಿ ನಾನೇ ರಮಾನಂದನಾಗಿ ಮಾತಾಡ್ಲಾ?" ಎಂದು ಕೇಳಿದೆ.

"ನಿಮ್ಮ ಮೈಸೂರು ಕನ್ನಡಕ್ಕೆ ಅಕ್ಕ ಒಂದು ಸೆಕೆಂಡೂ ನಂಬಲ್ಲ."

ನನಗೂ ಸಿಟ್ಟು ಬಂತು. "ಹಾಗಾದ್ರೆ ಹೋಗಿ ಬಾಗಿಲು ತಟ್ಟಿ ಮಾರಾಯ್ರೆ. ಕಾಫಿ ಬೇಕು ಅಂತ ಬಾಯಿಬಿಟ್ಟು ಕೇಳಿ."

"ಬಾಯಿಬಿಟ್ಟಾ?" ಎಂದ. ಅವನ ಮುಖ ನೋಡಬೇಕಿತ್ತು ನೀವು. ಅಂಗಿ ಬಿಚ್ಚಿ ಬಜಾರಿನಲ್ಲಿ ನಡೆ ಎಂದು ನಾನು ಹೇಳಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ. "ನಮ್ಮನ್ಯಾಗ ಅವ್ವನ ಕಡೆನೂ ಎಂದೂ ಬಾಯಿಬಿಟ್ಟು ಕೇಳಿದಾಂವ ಅಲ್ರೀ ನಾ."

ಬಿಸಿಲು ಇಳಿಯುತ್ತಿತ್ತು. ಬಂಡೆ ತಣ್ಣಗಾಗಿತ್ತು. ಬಹಳ ಹೊತ್ತಾದ ಮೇಲೆ ಅವನು ಎದ್ದ. ನಾನು ಬರೆದದ್ದಲ್ಲ, ಅವನೇ ಎದ್ದ.

7

ಗುನ್‌ಬ್ರಿಟ್ ಬಾಗಿಲು ತೆಗೆದಳು.

"ಆಗ ಬೇಡ ಅಂದೆ," ಎಂದ ವಿಠ್ಠಲ. "ಅದು ನಿಜ ಅಲ್ಲ. ನನಗೆ ಕಾಫಿ ಬೇಕು."

"ಮತ್ತೆ ಬೇಡ ಯಾಕೆ ಅಂದ್ರಿ?"

ಅಡುಗೆಮನೆಯ ಮೇಜಿನ ಮುಂದೆ ಕೂತು ಅವನು ಮೂರು ಸಲದ ಕಟ್ಟಳೆಯನ್ನು ವಿವರಿಸಿದ. ಅವಳು ಕಾಫಿ ಬಗ್ಗಿಸುತ್ತ ಗಮನವಿಟ್ಟು ಕೇಳಿದಳು. ಏಲಕ್ಕಿ ಹಾಕಿದ ಬನ್ ಮುಂದಿಟ್ಟಳು.

"ಇಲ್ಲಿ ಎರಡನೇ ಸಲ ಕೇಳಿದ್ರೆ ಪೀಡಿಸಿದ ಹಾಗೆ," ಎಂದಳು. "ನನ್ನ ಗಂಡ ತೀರಿಕೊಂಡಾಗ ಎಲ್ಲರೂ ಒಂದೊಂದು ಸಲ ಕೇಳಿದ್ರು, ಏನಾದ್ರೂ ಬೇಕಾ ಅಂತ. ನಾನು ಬೇಡ ಅಂದೆ."

"ಬೇಕಿತ್ತಾ?"

"ಬೇಕಿತ್ತು." ಸಕ್ಕರೆಯ ಡಬ್ಬಿಯನ್ನು ಅವನ ಕಡೆ ಸರಿಸಿದಳು. "ತಗೊಳ್ಳಿ."

ಇಲ್ಲಿಗೇ ಕಥೆ ನಿಲ್ಲಿಸಬಹುದಿತ್ತು. ಎರಡು ಒಂಟಿ ಜೀವ, ಎರಡು ಕಪ್ಪು, ಕಿಟಕಿಯಾಚೆ ಸಮುದ್ರ. ಪತ್ರಿಕೆಯವರು ಕಣ್ಣುಮುಚ್ಚಿ ಹಾಕಿಕೊಳ್ಳುತ್ತಿದ್ದರು. ಆದರೆ ವಿಠ್ಠಲನಿಗೆ ಕಾಫಿಯೊಂದೇ ಬೇಕಾಗಿರಲಿಲ್ಲವಲ್ಲ. ಅವನು ಅಕ್ಕನ ವಿಷಯ ಹೇಳಿದ, ಇಲ್ಲದ ಮೂವರು ಗೆಳೆಯರ ವಿಷಯವನ್ನೂ ಹೇಳಿದ. ಆಮೇಲೆ ಕೇಳಿದ: ವಿಡಿಯೋದಲ್ಲಿ ನನ್ನ ಗೆಳತಿ ಅಂತ ಒಂದು ಸಲ ಮುಖ ತೋರಿಸುತ್ತೀರಾ? ಉಳಿದವರು ವಾಕಿಂಗ್ ಹೋಗಿದ್ದಾರೆ ಎನ್ನುತ್ತೇನೆ.

ಗುನ್‌ಬ್ರಿಟ್ ಯೋಚಿಸಿದಳು. ಅವಳು ಎಲ್ಲವನ್ನೂ ಯೋಚಿಸಿಯೇ ಹೇಳುವವಳು.

"ಮುಖ ತೋರಿಸ್ತೀನಿ. ಆದರೆ ನಾವು ಗೆಳೆಯರಾ? ಈಗ ತಾನೇ ಸಿಕ್ಕಿದ್ದೀವಿ. ಮುಂದೆ ಆಗಬಹುದು, ನನಗೆ ಗೊತ್ತಿಲ್ಲ. ಇರೋದನ್ನ ಇದ್ದ ಹಾಗೆ ಹೇಳೋದಾದ್ರೆ ಕೂರ್ತೀನಿ."

"ಇದ್ದ ಹಾಗೆ ಹೇಳಿದ್ರೆ ಅಕ್ಕನಿಗೆ ನಿದ್ದೆ ಬರಲ್ಲ."

"ನಿಮಗೆ ಬರುತ್ತಾ?"

ನಾನು ಅವನ ಬಾಯಿಗೆ ಎರಡು ಮೂರು ಉತ್ತರ ಇಟ್ಟು ನೋಡಿದೆ, ಯಾವುದನ್ನೂ ಅವನು ಆಡಲಿಲ್ಲ.

8 (ಅಥವಾ ಕೊನೆಯದು, ಅಥವಾ ಅದೂ ಅಲ್ಲ)

ಫೋನ್ ಬಂತು. ಪರದೆಯ ತುಂಬ ಜಾನಕಿಯ ಮುಖ. ಗೆಳೆಯರನ್ನು ನೋಡಬೇಕಲ್ಲ, ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟುಕೊಂಡು ಕೂತಿದ್ದಳು.

"ಎಲ್ಲಿ ಅದಾರೋ ಎಲ್ಲಾರೂ? ಕರಿ, ಕರಿ."

ನಾನು ಗಡಿಬಿಡಿಯಿಂದ ಬರೆಯತೊಡಗಿದೆ: ವಿಠ್ಠಲ ಫೋನನ್ನು ಗುನ್‌ಬ್ರಿಟ್ ಕಡೆ ತಿರುಗಿಸಿದ. ಅವನು ತಿರುಗಿಸಲಿಲ್ಲ. ಇನ್ನೊಂದು ಬರೆದೆ: ಲೈನ್ ಕಟ್ಟಾಯಿತು. ಕಟ್ಟಾಗಲಿಲ್ಲ.

"ಅಕ್ಕಾ," ಎಂದ ವಿಠ್ಠಲ. "ಯಾರೂ ಬಂದಿಲ್ಲ. ರಮಾನಂದ ಅಂತ ಯಾರೂ ಇಲ್ಲ ಅಕ್ಕಾ. ಕಬೀರೂ ಇಲ್ಲ, ಓಂನೂ ಇಲ್ಲ. ನೀ ಚಿಂತಿ ಮಾಡ್ತಿ ಅಂತ ನಾನ ಹೇಳಿದ್ದು. ನಾ ಇಲ್ಲಿ ಒಬ್ಬಾಂವನ ಅದೀನಿ. ಬಂದಾಗಿಂದ ಒಬ್ಬಾಂವನ ಅದೀನಿ."

ಜಾನಕಿಯ ಮುಖ ಅಲುಗಾಡಲಿಲ್ಲ. ವಿಡಿಯೋ ನಿಂತುಹೋಯಿತೇನೋ ಎಂದುಕೊಂಡೆ. ನಿಂತಿರಲಿಲ್ಲ, ಅವಳ ಹಿಂದೆ ಫ್ಯಾನು ತಿರುಗುತ್ತಿತ್ತು. ಕನ್ನಡದ ಒಂದಕ್ಷರವೂ ತಿಳಿಯದ ಗುನ್‌ಬ್ರಿಟ್ ಎದ್ದುಹೋಗಿ ಅವನ ಕಪ್ಪಿಗೆ ಮತ್ತೆ ಕಾಫಿ ಬಗ್ಗಿಸಿದಳು, ಕೇಳದೆ.

ಈಗ ಅಕ್ಕನ ಮಾತು ಬರಬೇಕು. ನನ್ನ ಹತ್ತಿರ ಸಿದ್ಧವಾಗಿದೆ. ನನಗೆ ಗೊತ್ತಿತ್ತೋ ತಮ್ಮಾ, ಎನ್ನುತ್ತಾಳೆ. ಇಲ್ಲವಾದರೆ ಅಳುತ್ತಾಳೆ. ಇಲ್ಲವಾದರೆ ಬೈಯುತ್ತಾಳೆ, ಇಷ್ಟು ದಿನ ಯಾರಿಗೆ ರೊಟ್ಟಿ ಬಡಿದೆ ನಾನು ಎಂದು. ಮೂರೂ ಚೆನ್ನಾಗಿವೆ. ಮೊದಲನೆಯದನ್ನು ಆರಿಸಿಕೊಂಡು "ನನಗ" ಎಂದು ಟೈಪ್ ಮಾಡಿದ್ದೆ, ಅಷ್ಟರಲ್ಲಿ ವಿಠ್ಠಲ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು.

"ಸ್ವಲ್ಪ ಸುಮ್ಮನಿರ್ರಿ ಸರ್," ಎಂದ. "ಆಕಿ ಏನೋ ಅನ್ನಾಕತ್ಯಾಳ. ನನಗ ಕೇಳಸವಲ್ದು."