ಎಂಟು ಜಾತಕ, ಒಂದೇ ಸಲ

ಕೆಲಮಂಗಲದ ನನ್ನ ಅಂಗಡಿಯಲ್ಲಿ ಕಂಪ್ಯೂಟರ್ ಜಾತಕ ಬರೆದುಕೊಡುತ್ತೇನೆ. ಜಾತಕದ ಪ್ರೋಗ್ರಾಮು ಒಂದು ಸಲಕ್ಕೆ ಒಂದೇ ಜೋಡಿಯ ಸಾಲಾವಳಿ ನೋಡುತ್ತದೆ. ಬಾಗಲೂರಿನ ಮುನಿವೆಂಕಟಮ್ಮ ಮಗನಿಗೆಂದು ಎಂಟು ಹುಡುಗಿಯರ ಜಾತಕ ತಂದು, "ಬಸ್ಸು ಬರೋದ್ರೊಳಗೆ ಕೊಟ್ಬುಡವ್ವ ನಾಗವೇಣಿ" ಎಂದು ಕೂತರು. ನಾನೂ ತಾಳ್ಮೆಯವಳಲ್ಲ. ಅದೇ ಪ್ರೋಗ್ರಾಮನ್ನು ಎಂಟು ವಿಂಡೋಗಳಲ್ಲಿ ಒಟ್ಟಿಗೆ ಓಡಿಸುವ ಸ್ಕ್ರಿಪ್ಟನ್ನು ನಾನೇ ಬರೆದಿದ್ದೆ, ಆ ಜಂಬ ಬೇರೆ. ಐದು ನಿಮಿಷದಲ್ಲಿ ಎಂಟು ಹಾಳೆ ಕೈಗಿಟ್ಟೆ.

ರಾಯಕೋಟೆಯ ಮಾಧವಿಯನ್ನು ಅವರು ಆಗಲೇ ನೋಡಿ ಮೆಚ್ಚಿ ಬಂದಿದ್ದರು. ಅವಳಿಗೆ ಹತ್ತು ಕೂಟಕ್ಕೆ ಮೂರೇ ಕೂಡಿಬಂತು. ಸಹನಾ ಎಂಬವಳಿಗೆ ಎಂಟು. ಮುನಿವೆಂಕಟಮ್ಮ ಸಹನಾಳ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ಮಿಕ್ಕಿದ್ದನ್ನು ನನ್ನ ಮೇಜಿನ ಮೇಲೇ ಬಿಟ್ಟು ಎದ್ದರು.

ತಿಂಗಳ ಮೇಲೆ ಇನ್ಯಾರದೋ ಜಾತಕ ಓಡಿಸುವಾಗ, ಐದನೇ ವಿಂಡೋ ನಾಲ್ಕನೆಯದಕ್ಕಿಂತ ಮುಂಚೆ ಮುಗಿಸಿದ್ದು ಕಣ್ಣಿಗೆ ಬಿತ್ತು. ಮೊದಲು ಮುಗಿದ ಹಾಳೆ ಮೊದಲು ಬರುತ್ತಿದ್ದರೂ ನನ್ನ ಸ್ಕ್ರಿಪ್ಟ್ ಮಾತ್ರ ವಿಂಡೋ ತೆರೆದ ಸರದಿಯಲ್ಲೇ ಹೆಸರು ಹಚ್ಚುತ್ತಿತ್ತು. ಹಳೆಯದನ್ನೆಲ್ಲ ಒಂದೊಂದಾಗಿ ಮತ್ತೆ ಓಡಿಸಿ ನೋಡಿದೆ. ಎಂಟು ಮಾಧವಿಯದು, ಮೂರು ಸಹನಾಳದು.

ಬಾಗಲೂರಿಗೆ ಫೋನು ಮಾಡಿ ಹೇಳಿದೆ. ಮುನಿವೆಂಕಟಮ್ಮ ದನಿ ತಗ್ಗಿಸಿದರು.

"ಸಹನಾ ಮನೇರ್ ಜೊತೆ ತಾಂಬೂಲ ಬದಲಾಯ್ಸ್ಕೊಂಡಾಯ್ತಲ್ಲವ್ವ. ಹುಡುಗ ಆ ಹುಡುಗಿ ತಾವ ದಿನಾ ಮಾತಾಡ್ತಾವ್ನೆ. ಈಗ ಮೂರು ಅಂದ್ರೆ ಅವಳ ಗತಿ ಏನು? ಸುಮ್ಕಿದ್ಬುಡು."

ಅವರ ಮಾತು ನ್ಯಾಯವೇ. ಅದಕ್ಕೇ ನನಗೆ ಸಂಕಟ ಇನ್ನೂ ಹೆಚ್ಚಾಯಿತು.

ಸರಿಯಾದ ಹಾಳೆ ಹಿಡಿದು ರಾಯಕೋಟೆಯ ಬಸ್ಸು ಹತ್ತಿದೆ. ಮಾಧವಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿ, ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವಳು ಹಾಳೆಯನ್ನು ಎರಡು ಸಲ ಓದಿದಳು.

"ಸಂಬಂಧ ಹೋದ್ರೆ ಹೋಯ್ತು ಬುಡಕ್ಕ. ಮೂರೇ ಬಂತು ಅಂತ ಅವ್ರು ಹೇಳ್ಕಳ್ಸಿದಾಗಿಂದ ನಮ್ಮಪ್ಪ ನನ್ನ ಜಾತಕದಾಗೆ ದೋಷ ಐತೆ ಅಂತ ಎರಡು ಸಲ ಶಾಂತಿ ಮಾಡಿಸ್ತು. ನನ್ ಮುಖ ನೋಡಿ ಮಾತಾಡಾಕಿಲ್ಲ. ಅಪ್ಪ ತೋಟದಾಗೆ ಐತೆ, ಬಾ. ನೀನೇ ಓದಿ ಹೇಳು."

ಅವಳಪ್ಪ ರಾಮಾಂಜಿನಪ್ಪ ಟೊಮೇಟೊ ಗಿಡಗಳಿಗೆ ದಾರ ಕಟ್ಟುತ್ತಿದ್ದರು. ಹಾಳೆಯ ಹತ್ತೂ ಸಾಲು ಓದಿದೆ. ತಪ್ಪು ನನ್ನದು, ನಿಮ್ಮ ಮಗಳದಲ್ಲ ಎಂದೆ. ಅವರು ದಾರದ ಉಂಡೆ ಕೆಳಗಿಟ್ಟು ಮಗಳ ಕಡೆ ತಿರುಗಿದರು.

"ಉಂಡ್ಯೇನವ್ವ?" ಎಂದರು.