ಕೈ ಊರದೆ ಎದ್ದೆ

ಮುಟ್ಟು ನಿಂತು ಆರು ವರ್ಷವಾಗಿತ್ತು. ಬಟ್ಟೆ ಹರಡಿ ಕತ್ತರಿಸಲು ನೆಲಕ್ಕೆ ಕೂತರೆ, ಏಳಲು ಯಾರಾದರೂ ಕೈ ಹಿಡಿಯಬೇಕಿತ್ತು. ಹೀಗೇ ಆದರೆ ಹೊಲಿಗೆ ಬಿಡಬೇಕಾದೀತು ಎಂದು ಹೆದರಿದ್ದೆ. ಮೂಳೆ ಸವೆದಿದೆ ಎಂದ ಡಾಕ್ಟರಮ್ಮ ಕ್ಯಾಲ್ಸಿಯಂ ಮಾತ್ರೆ ಬರೆದು, ಕುರ್ಚಿಯಿಂದ ಕೈ ಊರದೆ ದಿನಕ್ಕೆ ಇಪ್ಪತ್ತು ಸಲ ಏಳಲು ಹೇಳಿದರು.

ಮಾತ್ರೆಯನ್ನು ತಪ್ಪದೆ ನುಂಗಿದೆ. ವ್ಯಾಯಾಮದಲ್ಲಿ ಮಾತ್ರ ಕಳ್ಳಾಟ. ಹೊಲಿಗೆ ಮಿಷನ್ನಿನ ಅಂಚು ಹಿಡಿದು ಎದ್ದುಬಿಡುತ್ತಿದ್ದೆ. ಒಂದು ದಿನ ಸೊಸೆ ನೋಡಿಬಿಟ್ಟಳು.

“ಅತ್ತೆ, ಏಳ್ತಿರೋದು ನೀವೋ, ಮಿಷನ್ನೋ?”

“ಸರಿಯಾಗಿ ಎಣಿಸ್ತಾ ಇದೀನಲ್ಲೇ!”

“ಎಣಿಸೋಕೆ ಬಾಯಿ ಸಾಕು, ಕೈ ಇಲ್ಲಿ ಕೊಡಿ” ಎಂದು ಒಂದೊಂದು ಕೈಗೂ ಗುಂಡಿ ತುಂಬಿದ, ಮುಚ್ಚಳವಿಲ್ಲದ ಡಬ್ಬಿ ಕೊಟ್ಟಳು. “ಒಂದು ಬಿದ್ರೂ ನೀವೇ ಆರಿಸ್ಬೇಕು.”

ಮೊದಲ ದಿನ ಗುಂಡಿಗಳೆಲ್ಲ ಮಿಷನ್ನಿನಡಿ ಉರುಳಿದವು. ನಕ್ಕು ನಕ್ಕು ಸುಸ್ತಾಗಿ ಇಬ್ಬರೂ ಆರಿಸಿದೆವು. ಆಮೇಲೆ ನಾಲ್ಕು ತಿಂಗಳು, ಕೆಲಸಕ್ಕೆ ಹೊರಡುವ ಅವಸರದಲ್ಲೂ, ಅವಳು ದಿನಾ ಎದುರು ನಿಂತು ಎಣಿಸಿದಳು.

ಇವತ್ತು ಕತ್ತರಿಸಿದ ಬಟ್ಟೆಯನ್ನು ಎದೆಗವಚಿಕೊಂಡು ನೆಲದಿಂದ ಎದ್ದೆ. ಎದ್ದ ಮೇಲೆ ಗೊತ್ತಾಯಿತು, ನಾನು ಯಾರನ್ನೂ ಕೂಗಿರಲಿಲ್ಲ. ಗಿರಾಕಿಗಳ ಬಟ್ಟೆ ಪಕ್ಕಕ್ಕಿಟ್ಟು, ಎಷ್ಟೋ ದಿನದಿಂದ ಮೂಲೆಯಲ್ಲಿದ್ದ ಸೊಸೆಯ ಅಂಗಿಯನ್ನು ಹೊಲಿಯಲು ಕೂತೆ.