ಶಿವಮೂರ್ತಪ್ಪನ ಗೆರೆಗಳು

ಮಸಿ ಇನ್ನೂ ಒಣಗಿಲ್ಲ, ಠರಾವಿನ ಕೊನೆಯ ಅಕ್ಷರದ ಬಾಲದಲ್ಲಿ ಒಂದು ಹನಿ ಮಿನುಗುತ್ತಿದೆ, ರಾಜಪ್ಪ ಬಗ್ಗಿ ಊದುತ್ತಿದ್ದಾನೆ, ಒಳ್ಳೆಯ ಗುಮಾಸ್ತ, ಶಿಕಾರಿಪುರದಲ್ಲಿ ಇಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿಲ್ಲ — ಇನ್ನು ಮುಂದೆ ಭತ್ತದ ಸಂಘದ ಲೆಕ್ಕವೆಲ್ಲ ಹೊಸ ಪೈಸೆಯ ಅಂಕಿಯಲ್ಲಿ, ಹಳೆಯ ಗೆರೆಯ ಲೆಕ್ಕ ಬಂದ್, ಇಷ್ಟೇ ಠರಾವು, ನಾನೇ ಹೇಳಿ ಬರೆಸಿದ್ದು, ಅಧ್ಯಕ್ಷರೇ ಸಹಿ ಮಾಡ್ರೀ ಅನ್ನುತ್ತಾನೆ, ತಡಿಯಪ್ಪ, ಬೇಡ ಅನ್ನುವವರು ಇದ್ದಾರೋ ಎಂದು ಮೊದಲು ಕೇಳಬೇಕು, ಒಬ್ಬ ಬೇಡವೆಂದರೂ ಬೇಡ, ಸಂಘ ಕಟ್ಟಿದ ದಿನ ದೇವರ ಮುಂದೆ ಕೊಟ್ಟುಕೊಂಡ ಮಾತು, ಎರಡು ವರ್ಷ ಆ ಒಬ್ಬ ಇದ್ದ, ಆ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕೈ ಎತ್ತುವ ಮೊದಲೇ ನಗುತ್ತಾ, ನನ್ನ ಶಿವಮೂರ್ತಪ್ಪ.

ಸೊರಬದ ಲೆಕ್ಕ ಅವನದು, ಇಲ್ಲಿಯದು ನನ್ನದು, ತಿಂಗಳಿಗೊಮ್ಮೆ ಅವನ ಜಗುಲಿಯಲ್ಲಿ ಕೂತು ತಾಳೆ ನೋಡುವುದು, ತಾಳೆಗಿಂತ ಜಗಳ ಹೆಚ್ಚು, ನಿಂತ ಗೆರೆ ಕಾಲು ರೂಪಾಯಿ, ಮಲಗಿದ ಗೆರೆ ಒಂದಾಣೆ, ನಾಲ್ಕು ಮಲಗಿದ್ರೆ ಒಂದು ಎದ್ದು ನಿಲ್ತದೆ ನೋಡಿ ಸದಾಶಿವಣ್ಣ, ಎಷ್ಟು ಸುಲಭ, ಎನ್ನುತ್ತಿದ್ದ, ಮಗುವಿಗೆ ಹೇಳುವ ಹಾಗೆ, ಅದಕ್ಕೆ ನಾನು, ಮಾರಾಯ, ನಿನ್ನ ಗೆರೆ ಒಂದು ಅಂಗಡಿಗೆ ಸಾಕು, ಇಲ್ಲಿ ಎರಡು ತಾಲ್ಲೂಕಿನ ಹಳ್ಳಿಗಳ ಲೆಕ್ಕ ಒಂದೇ ಕಡೆ ಕೂಡಬೇಕು, ಊರಿಗೊಂದು ಥರ ಬರೆದರೆ ಕೂಡುವುದು ಹೇಗೆ, ಒಂದಾಣೆಗೆ ಈಗ ಆರೂಕಾಲು ಪೈಸೆ, ಆ ಕಾಲನ್ನು ಎಲ್ಲಿಡುತ್ತೀ — ನಿಮ್ಮ ಬೋಳು ತಲೆ ಮೇಲೆ ಇಡಿ, ಜಾಗ ಬೇಕಾದಷ್ಟಿದೆ — ಒಳಗಿನಿಂದ ಅವನ ಹೆಂಡತಿ ಈಶ್ವರಮ್ಮ, ಇಬ್ಬರೂ ಮೊದಲು ಉಣ್ಣಿ, ಯಾವ ಲೆಕ್ಕದಲ್ಲಿ ಬರೆದ್ರೂ ರೊಟ್ಟಿ ತಣ್ಣಗಾಗ್ತದೆ, ಆಮೇಲೆ ಬೆಣ್ಣೆ, ಆಮೇಲೆ ನಗು, ಕೈ ತೊಳೆದು ಮತ್ತೆ ಶುರು, ಒಂದು ಚುಕ್ಕಿ ಪಕ್ಕಕ್ಕೆ ಸರಿದ್ರೆ ಹತ್ತು ರೂಪಾಯಿ ಒಂದಾಗ್ತದೆ ಅಣ್ಣ, ಗೆರೆ ತಪ್ಪಿದ್ರೆ ಓದು ಬಾರದವನಿಗೂ ಕಾಣ್ತದೆ, ನನಗೆ ಕಂಡರೆ ಸಾಲದೇನೋ ಅಂದೆ, ನಿಮಗೆ ಕಾಣ್ಲಿ ಅಂತ ಸಂಘ ಕಟ್ಟಿದ್ದಾ ಅಂದ, ಅಂದವನೇ ತನ್ನ ಹಣೆಯ ವಿಭೂತಿಗೆ ಬೆರಳು ತೋರಿಸಿ, ನೋಡಿ, ಸ್ವಾಮಿ ನನಗೆ ಕಟ್ಟಿದ ಬೆಲೆ ಮೂರಾಣೆ, ನಿಮಗೂ ಅಷ್ಟೇ, ಹೆಚ್ಚಿಗೆ ಹಾರಾಡಬೇಡಿ — ಹೋದ ಬೇಸಿಗೆಯಲ್ಲಿ, ಮಂಗಗಳು ಸಾಯುತ್ತಿದ್ದ ಕ್ಯಾಸನೂರಿನ ಕಾಡಿನ ಕಡೆ ಹೋಗಿ ಬಂದವನು ಜ್ವರವೆಂದು ಮಲಗಿದ, ನಾನು ಬಸ್ಸಿಳಿಯುವಷ್ಟರಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಅಂಗೈಯಲ್ಲಿ ಲಿಂಗ, ವಿಭೂತಿ ನೀವೇ ಹಚ್ಚಿ ಭಾವ ಎಂದಳು ಈಶ್ವರಮ್ಮ, ಹಚ್ಚಿದೆ, ಹಣೆ ಅಷ್ಟು ತಣ್ಣಗಿರುತ್ತದೆಂದು ನನಗೆ ತಿಳಿದಿರಲಿಲ್ಲ, ಬಿಳಿಯ ಮೂರು ಗೆರೆ ಮಾತ್ರ ನೆಟ್ಟಗೆ ಬಂದವು.

ಬೇಡ ಅನ್ನೋರು ಯಾರಾದ್ರೂ ಇದ್ದೀರೇನ್ರಪ್ಪ — ನನ್ನದೇ ದನಿ, ಒಂದು ಕೈಯೂ ಎದ್ದಿಲ್ಲ, ಹೊರಗೆ ಗಾಡಿಯ ಎತ್ತು ಕೊರಳು ಕೊಡವುತ್ತಿದೆ, ಗೆದ್ದೆ, ಶಿವನೇ, ಇಷ್ಟು ಸುಲಭವಾಗಿ ಗೆಲ್ಲುವ ಆಸೆ ನನಗಿರಲಿಲ್ಲ, ಯಾರಾದರೂ ಜಗಳ ತೆಗೆಯಬಾರದೇ, ಎದುರಿಗೆ ಈಸೂರಿನ ಕಲ್ಲಪ್ಪ ಕೂತಿದ್ದಾನೆ, ಈ ತಿಂಗಳು ಪರೀಕ್ಷೆಗೆಂದು ಎಲ್ಲರಿಗೂ ಭತ್ತದ ದುಡ್ಡಿನ ಚೀಟಿ ಹೊಸ ಅಂಕಿಯಲ್ಲಿ ಕೊಟ್ಟೆವಲ್ಲ, ನಿನ್ನದು ಎಷ್ಟಪ್ಪ ಕಲ್ಲಪ್ಪ ಎಂದೆ, ರುಮಾಲಿನಿಂದ ತೆಗೆದ, ತಲೆಕೆಳಗಾಗಿ ಹಿಡಿದ, ಯಾರಿಗ್ಗೊತ್ರೀ ಅಪ್ಪಾರೆ, ಮುಂಚೆ ಗೆರಿ ಎಣಿಸ್ತಿದ್ದೆ, ಈಗ ನೀವು ಬರ್ದೀರಿ ಅಂದಮ್ಯಾಲೆ ಸರೀನ ಇರ್ತೈತಿ — ಎಲ್ಲರೂ ನಕ್ಕರು, ಅವನೂ ನಕ್ಕ, ಸರ್ಕಾರಕ್ಕೇ ಎದುರು ನಿಂತ ಊರಿನವನು, ನನ್ನ ಚೀಟಿಯನ್ನು ಏನೆಂದು ಕೇಳದೆ ಮಡಚಿ ಇಟ್ಟುಕೊಂಡ, ದೊಡ್ಡ ಲೆಕ್ಕಕ್ಕೆ ಅಂಕಿಯೇ ಸರಿ, ಈಗಲೂ ಹೇಳುತ್ತೇನೆ ಶಿವಮೂರ್ತಪ್ಪ, ಅದರಲ್ಲಿ ನಾನು ಸೋಲುವುದಿಲ್ಲ, ಆದರೆ ಈ ಚೀಟಿ — ಇದೇನಿದು, ಕೈ ಮೇಲೆದ್ದಿದೆ, ನನ್ನದೇ, ಅಯ್ಯ, ನಿಮ್ ಠರಾವಿಗೆ ನೀವೇ ಬ್ಯಾಡ ಅಂದ್ರೆ ಹೆಂಗ್ರೀ ಎನ್ನುತ್ತಾನೆ ರಾಜಪ್ಪ, ಸಂಘದ ಪುಸ್ತಕ ಅಂಕಿಯಲ್ಲಿರಲಿ, ರೈತನ ಚೀಟಿಯಲ್ಲಿ ಅಂಕಿಯ ಪಕ್ಕ ಗೆರೆಯೂ ಇರಲಿ, ಹಾಗೆ ತಿದ್ದಿದರೆ ಸಹಿ, ಇಲ್ಲದಿದ್ದರೆ ಇಲ್ಲ, ಎರಡೆರಡು ಸಲ ಬರೀಬೇಕಾಗ್ತೈತ್ರೀ, ಬರಿ, ಕೈ ನೊಂದರೆ ಎಣ್ಣೆ ತಿಕ್ಕುತ್ತೇನೆ, ಅಲ್ರೀ, ಗೆರಿ ಚೀಟಿ ನೀವಿಬ್ರೇ ಬರೀತಿದ್ರಿ, ನನಗ ಹಾಕಾಕ ಬರಂಗಿಲ್ಲ, ಕಲಿಸೋರು ಯಾರು — ಕಲಿಸುವವರು — ಕೊಡಪ್ಪ ಲೇಖನಿ, ನೋಡು, ಒಂದಾಣೆ ಅಂದರೆ ಹೀಗೆ ಎಡದಿಂದ ಬಲಕ್ಕೆ ಮಲಗಿಸಬೇಕು, ಒತ್ತಬಾರದು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ — ಕಾಗದ ಎಷ್ಟು ತಣ್ಣಗಿದೆ — ಇನ್ನೊಂದು, ಮೂರಾಣೆ, ಆಮೇಲೇನ್ರೀ ಎನ್ನುತ್ತಿದ್ದಾನೆ ರಾಜಪ್ಪ, ಆಮೇಲೆ, ಆಮೇಲೆ, ಹಣೆ, ಬಿಳಿಯ ಮೂರು ಗೆರೆ, ನೆಟ್ಟಗೆ, ಮೂರು —